ಗಾಜಿನಾಚೆಯ ಉಂಗುರ

ಮನೆಯಲ್ಲಿ ನನ್ನ ತಂಗಿಯ ಹೆಸರೇ ಮಾತಿನಮಲ್ಲಿ. ಬಸ್ಸಿನಲ್ಲಿ ಪಕ್ಕ ಕೂತವರ ಸಂಸಾರವೆಲ್ಲ ಇಳಿಯುವಷ್ಟರಲ್ಲಿ ಅವಳಿಗೆ ಗೊತ್ತಾಗಿರುತ್ತಿತ್ತು. ಅಂಥವಳು ಕೌನ್ಸೆಲಿಂಗ್ ಕಲಿಯಲು ಸೇರಿದಾಗ ಅಮ್ಮ, "ಜನ ಇವಳ ಹತ್ರ ಹೇಳ್ಕೊಳ್ಳೋಕೆ ಬರ್ತಾರೋ, ಇವಳದ್ದು ಕೇಳೋಕೋ?" ಎಂದು ನಕ್ಕಿದ್ದಳು.

ಕಲಿಸುವ ಮೇಡಂ ಹೆಸರುವಾಸಿ. ತಂಗಿ ಒಳಗೆ ಕಷ್ಟ ಹೇಳಿಕೊಳ್ಳಲು ಬಂದವರೊಡನೆ ಮಾತನಾಡುವಾಗ ಮೇಡಂ ಒಂದೇ ಕಡೆಯಿಂದ ಕಾಣುವ ಗಾಜಿನಾಚೆ ಕೂತು ನೋಡುವುದು. ತಂಗಿ ನಡುವೆ ಮಾತಾಡಿಯೋ ಸಲಿಗೆ ತೋರಿಯೋ ತಪ್ಪಿದರೆ ಉಂಗುರದಿಂದ ಗಾಜಿಗೆ ಟಕ್ ಎಂದು ತಟ್ಟುವುದು. ತಟ್ಟಿದೊಡನೆ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ಸರ್ಟಿಫಿಕೇಟಿಗೆ ಸಹಿ ಇಲ್ಲ. ಬಂದವರಿಗೆ ಆಚೆ ಯಾರೋ ಇದ್ದಾರೆಂದಷ್ಟೇ ಗೊತ್ತು, ತಟ್ಟುವುದು ಯಾರಿಗೆಂದು ಗೊತ್ತಿಲ್ಲ. ಆಮೇಲೆ ಮೇಡಂ ಇಡೀ ಕ್ಲಾಸಿನೆದುರು ತಂಗಿಗೆ, "ನಿಮ್ಮಮ್ಮ ನಿನ್ನ ಮುದ್ದು ಮಾಡ್ಲಿಲ್ವಾ? ಅದಕ್ಕೇ ಕಂಡಕಂಡವರ ಪ್ರೀತಿಗೆ ಕೈಯೊಡ್ತೀಯ" ಎನ್ನುತ್ತಿದ್ದಳು. ಇದಕ್ಕೆ ತರಬೇತಿ ಎನ್ನುತ್ತಾರಂತೆ! ಕೇಳಿ ನನಗೆ ಮೈಯೆಲ್ಲ ಉರಿಯಿತು. ತಂಗಿ ಮಾತ್ರ, "ಮೇಡಂಗೆ ಗೊತ್ತಿರುತ್ತೆ ಅಕ್ಕ, ನಂದೇ ತಪ್ಪು" ಎಂದಳು.

ತಂಗಿಯ ಬಳಿ ಬರುತ್ತಿದ್ದವರಲ್ಲಿ ಒಬ್ಬಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ಗಂಡ ಹೊಡೆಯುತ್ತಾನೆಂದು ಕತ್ತಿನ ಮೇಲಿನ ಕಲೆ ನೋಡಿದರೇ ತಿಳಿಯುತ್ತಿತ್ತು, ಬಾಯಲ್ಲಿ ಮಾತ್ರ ಬರುತ್ತಿರಲಿಲ್ಲ. ವಾರಗಟ್ಟಲೆ ಕಾದ ಮೇಲೆ ಒಂದು ದಿನ, "ಮನೇಲಿ ಅವರು ನನ್ನ..." ಎಂದು ಶುರುಮಾಡಿದಳು. ತಂಗಿ ತಡೆಯಲಾರದೆ, "ಹೇಳಿ, ನಾನಿದೀನಿ" ಎಂದು ಅವಳ ಕೈ ಹಿಡಿದಳು.

ಟಕ್.

ಹೆಂಗಸು ಬೆಚ್ಚಿ ಕೈ ಎಳೆದುಕೊಂಡಳು. "ನಾನು ಬಾಯಿ ಬಿಟ್ಟಾಗ್ಲೇ ತಟ್ತಾರೆ. ಹೇಳ್ಬಾರ್ದಾಗಿತ್ತೇನೋ."

ತಟ್ಟಿದ್ದು ನಿಮಗಲ್ಲ, ನನಗೆ. ಇಷ್ಟು ಹೇಳಿದ್ದರೆ ಸಾಕಿತ್ತು. ತಂಗಿ ಬಾಯಿ ತೆರೆದಳು. ಮತ್ತೆ ಟಕ್. ಮುಚ್ಚಿದಳು. ಹೆಂಗಸು ಚೀಲ ಎತ್ತಿಕೊಂಡು ಹೊರಟವಳು ಮತ್ತೆ ಬರಲಿಲ್ಲ.

"ಈಗ ದಾರಿಗೆ ಬಂದೆ" ಎಂದು ಮೇಡಂ ಸಹಿ ಹಾಕಿದಳು.

ತಂಗಿಗೆ ಅನ್ನ ಸೇರಲಿಲ್ಲ. ಮೊನ್ನೆ ಆ ಲಾಂಡ್ರಿ ಹುಡುಕಿಕೊಂಡು ಹೋದಳು. ಇಸ್ತ್ರಿ ಮೇಜಿನ ಹಿಂದೆ ಬೇರೆ ಯಾರೋ ಇದ್ದರು. "ಅವಳಾ? ಆಸ್ಪತ್ರೇಲಿದಾಳೆ. ಮೆಟ್ಟಿಲಿಂದ ಬಿದ್ಲಂತೆ. ಇನ್ನೂ ಎಚ್ಚರ ಆಗಿಲ್ಲ" ಎಂದರು.

ಇದನ್ನೆಲ್ಲ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಹೇಳುತ್ತಿದ್ದಳು. ನನಗೆ ಅಳು ಬಂತು.

"ಅವಳು ಬಿದ್ದಿಲ್ಲ ಅಕ್ಕ. ಅವತ್ತು ನಾನು ಒಂದು ಮಾತು..."

ನಾನು ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಕಟ್ಟೆಯ ಮೇಲಿಟ್ಟೆ. ಟಕ್ ಎಂದಿತು. ತಂಗಿ ಅಲ್ಲಿಗೇ ನಿಲ್ಲಿಸಿ ತಲೆ ತಗ್ಗಿಸಿದಳು.

"ಹೇಳೇ" ಎಂದೆ. ಎಷ್ಟು ಕೇಳಿದರೂ ಹೇಳಲಿಲ್ಲ.