ಇನ್ನೊಂದು ಹತ್ತು ಸೆಕೆಂಡು

ನನ್ನ ತಮ್ಮನ ತಾಳ್ಮೆ ನೋಡಿ ನೋಡಿ ನನ್ನ ತಾಳ್ಮೆ ಕೆಟ್ಟುಹೋಗಿದೆ. ಅವನು ಪುಕ್ಕಟೆಯಾಗಿ ನೋಡಿಕೊಳ್ಳುವ ಒಂದು ಲೈಬ್ರರಿಯಿದೆ. ಪುಸ್ತಕಗಳದ್ದಲ್ಲ, ಯಾರು ಬೇಕಾದರೂ ತಮ್ಮ ವೆಬ್‌ಸೈಟಿಗೆ ಸೇರಿಸಿಕೊಳ್ಳಬಹುದಾದ ಪ್ರೋಗ್ರಾಂ. ದೂರದ ಸರ್ವರ್ ಕಂಪ್ಯೂಟರಿಗೆ ಪ್ರಶ್ನೆ ಕಳಿಸಿ ಉತ್ತರ ತರುವುದಷ್ಟೇ ಅದರ ಕೆಲಸ. ಮೂರು ತಿಂಗಳು ತಟ್ಟೆಯ ಊಟ ಆರಲು ಬಿಟ್ಟು ಅವನು ತಯಾರಿಸಿದ ಹೊಸ ಅಪ್‌ಡೇಟಿನಲ್ಲಿ ಬದಲಾದದ್ದು ಒಂದೇ: ಉತ್ತರಕ್ಕಾಗಿ ಹತ್ತು ಸೆಕೆಂಡು ಕಾಯುತ್ತಿದ್ದದ್ದು ಈಗ ಮೂವತ್ತು ಸೆಕೆಂಡು ಕಾಯುತ್ತದೆ. ಬಳಸುವವರು ಬೈದು ಬರೆಯುತ್ತಾರೆ. ಇವನು ಒಬ್ಬೊಬ್ಬರಿಗೂ "ಆ ಕಡೆಯವರು ನಿಧಾನ ಇರಬಹುದು" ಎಂದು ಕೂತು ಉತ್ತರ ಬರೆಯುತ್ತಾನೆ. ಲಿಫ್ಟಿನಲ್ಲೂ ಅಷ್ಟೇ, ಮೇಲೆ ಯಾರೋ ಚಪ್ಪಲಿ ಹುಡುಕುತ್ತಿರಬಹುದೆಂದು ಬಾಗಿಲು ಹಿಡಿದು ನಿಲ್ಲುತ್ತಾನೆ. ನಾನು ಸಿಡುಕಿದರೆ, "ಇನ್ನೊಂದ್ ಹತ್ತು ಸೆಕೆಂಡು ಅಕ್ಕಾ." ಲಕ್ವಾ ಹೊಡೆದ ಮೇಲೆ ನಮ್ಮ ಅಪ್ಪನಿಗೆ ಮಾತು ತಡ. "ಕಾಫಿ ಬೇಕಾ, ಹಾಲು ಬೇಕಾ" ಎಂದು ಕೇಳಿ, ಅವರು ಬಾಯಿ ತೆರೆಯುವಷ್ಟರಲ್ಲಿ ಕಾಫಿ ಕೈಗಿಟ್ಟು ಹೋಗುವುದು ಒಂದು ವರ್ಷದಿಂದ ನನ್ನ ಅಭ್ಯಾಸ. ನಿನ್ನೆ ನನಗೆ ಜ್ವರ, ಕಾಫಿಯೋ ಹಾಲೋ ಎಂದು ತಮ್ಮ ಕೇಳಿದ. ಕೇಳಿ, ಅಪ್ಪನ ಮುಂದೆ ಸುಮ್ಮನೆ ಕೂತ. ಹಾಸಿಗೆಯಲ್ಲಿ ಮಲಗಿ ನಾನು ಸಿಟ್ಟಿನಿಂದ ಒಂದೊಂದೇ ಸೆಕೆಂಡು ಎಣಿಸಿದೆ. ಇಪ್ಪತ್ತೇಳಕ್ಕೆ ಅಪ್ಪ ಹೇಳಿದರು: "ಹಾಲು."