ಗಿರಿಜಕ್ಕನ ಕಡೆಯ ಗೋಡೆ

ಗೋಡೆ ಬಿರಿದ ಸದ್ದು ನಾನು ಅಂದುಕೊಳ್ಳುವಷ್ಟು ಜೋರಾಗಿರಲಿಲ್ಲ. ಒಣಗಿದ ತೆಂಗಿನ ಗರಿ ಮುರಿದ ಹಾಗೆ, ಅಷ್ಟೇ.

ಭಾನುವಾರ ಬೆಳಿಗ್ಗೆ, ಕೆಲಸದವರಿಗೆ ಟೀ ಸೋಸುತ್ತಿದ್ದೆ. ಮೇಡಂ, ಮನೆಯಿಂದ ಹೊರಗೆ ಬನ್ನಿ ಅಂತ ಹಿತ್ತಿಲಿನಿಂದ ಮೇಸ್ತ್ರಿ ಹನುಮಂತಪ್ಪ ಕೂಗಿದರು. ಗ್ಯಾಸ್ ಆಫ್ ಮಾಡಿ ಓಡಿದೆ.

ಅಜ್ಜಂಪುರದ ನಮ್ಮ ಮನೆ ತಾತ ಕಟ್ಟಿಸಿದ್ದು. ಮಣ್ಣಿನ ಗೋಡೆ, ಮೇಲೆ ಹೆಂಚು. ಹೊರಗಿನ ಗಾರೆ ಅಲ್ಲಲ್ಲಿ ಉದುರಿ ಒಳಗಿನ ಮಣ್ಣು ಕಾಣುತ್ತಿತ್ತು. ನಾನು ಶಿವನಿಯಲ್ಲಿ ಟೀಚರ್. ಬೇಸಿಗೆ ರಜಕ್ಕೆ ರಿಪೇರಿ ಮಾಡಿಸೋಣ ಅಂತ ಪ್ರತಿ ವರ್ಷ ಮುಂದಕ್ಕೆ ಹಾಕುತ್ತಲೇ ಬಂದಿದ್ದೆ.

ಆದರೆ ಕಡೂರಿನಲ್ಲಿ ಟೈಲರಿಂಗ್ ಹೇಳಿಕೊಡುತ್ತಿದ್ದ ನನ್ನ ಅಕ್ಕ ಸ್ಕೂಟಿಯಿಂದ ಬಿದ್ದು ವೀಲ್‌ಚೇರ್‌ನಲ್ಲಿ ಕೂರುವಂತಾಯಿತು. ಅವಳ ಬಾಡಿಗೆ ಮನೆಯ ಬಾತ್‌ರೂಮ್ ಬಾಗಿಲಲ್ಲಿ ವೀಲ್‌ಚೇರ್ ಹಿಡಿಯುವುದಿಲ್ಲ. ಪ್ರತಿ ಸಲ ಯಾರಾದರೂ ಎತ್ತಿಕೊಂಡು ಹೋಗಬೇಕು.

ಅಕ್ಕ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ… ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು.

ಹಿತ್ತಿಲಲ್ಲಿ ಅವಳಿಗೊಂದು ರೂಮು, ಅಗಲ ಬಾಗಿಲಿನ ಬಾತ್‌ರೂಮು ಸೇರಿಸಿ ಕಟ್ಟಿ, ಹಾಗೆಯೇ ಹೊರಗೋಡೆಯನ್ನೂ ಸರಿಮಾಡಿಸುವುದು ಅಂತ ಮಾತಾಯಿತು. ಪಾಯ ತೆಗೆದ ಮೂರನೇ ದಿನವೇ ಹೀಗಾಗಿತ್ತು.

ಹೊಸ ಪಾಯ ಆಳ, ಹಳೇ ಗೋಡೆಯ ತಳಪಾಯ ಅರ್ಧಕ್ಕೇ ಮುಗಿದಿತ್ತು. ಮೂಲೆಯ ಮಣ್ಣು ಜಾರಿದೆ. ಪಕ್ಕದ ಉದ್ದ ಗೋಡೆ ಹೆಂಚಿನವರೆಗೂ ಬಿರುಕು ಬಿಟ್ಟು ಆಚೆಗೆ ಉಬ್ಬಿ ನಿಂತಿದೆ.

ಆಚೆ ಅಂದರೆ ಪಕ್ಕದ ಮನೆಯ ಗಿರಿಜಕ್ಕನ ಹಿತ್ತಿಲು. ಅವರ ದನದ ಕೊಟ್ಟಿಗೆ.

"ಅವ್ರ ಹಿತ್ಲಿಂದ ಕಂಬ ಒತ್ತು ಕೊಡ್ಬೇಕು ಮೇಡಂ," ಅಂದರು ಮೇಸ್ತ್ರಿ. "ಇಲ್ಲಾಂದ್ರೆ ಸಂಜೆವರ್ಗೂ ನಿಲ್ಲುತ್ತೆ ಅಂತ ನಾನ್ ಹೇಳಕ್ಕಾಗಲ್ಲ."

ಗಿರಿಜಕ್ಕನಿಗೂ ನನಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ.

ತಪ್ಪು ನನ್ನದೇ ಅಂತ ಈಗ ಬರೆಯಬಲ್ಲೆ. ಕೊಟ್ಟಿಗೆ ನಮ್ಮ ಗೋಡೆಗೆ ಅಂಟಿಕೊಂಡಿದೆ, ವಾಸನೆ ಬರುತ್ತೆ ಅಂತ ಪಟ್ಟಣ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೆ. ಗಿರಿಜಕ್ಕನಿಗೆ ಒಂದು ಮಾತೂ ಹೇಳದೆ. ಅವರು ಕೊಟ್ಟಿಗೆ ಕಿತ್ತು ಒಂದು ಮಾರು ಹಿಂದಕ್ಕೆ ಹಾಕಿಕೊಂಡಿದ್ದರು. ಆಮೇಲೆ ಬಸ್‌ಸ್ಟಾಪಿನಲ್ಲಿ ಸಿಕ್ಕರೂ ಇಬ್ಬರ ಮುಖವೂ ಬೇರೆ ಬೇರೆ ಕಡೆಗೆ.

ಅವರ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಎರಡು ಹಸು, ಒಂದು ಕರು ಆಗಲೇ ರಸ್ತೆಯಲ್ಲಿ ನಿಂತಿದ್ದವು. ಗಿರಿಜಕ್ಕ ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಯ ಶೀಟಿನ ಬೋಲ್ಟ್ ಬಿಚ್ಚುತ್ತಿದ್ದಾರೆ.

ಗಿರಿಜಕ್ಕ, ನಮ್ಮ ಗೋಡೆ… ಅಂದೆ.

"ಕಂಡೆ ಕಣೇ ಉಮಾ. ಹೋಗಿ ಮೇಸ್ತ್ರಿನ ಕರ್ಕೊಂಡ್ ಬಾ."

ಅಡುಗೆಮನೆ ದೊಡ್ಡದು ಮಾಡಿಸಲು ಅಂತ ಅವರು ತೆಂಗಿನ ತೊಲೆಗಳನ್ನು ಕೊಯ್ಯಿಸಿ ಜೋಡಿಸಿಟ್ಟಿದ್ದರು. ಅವನ್ನೇ ತೆಗೆದುಕೊಳ್ಳಿ ಅಂತ ಮೇಸ್ತ್ರಿಗೆ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಓರೆಯಾಗಿ ಏಳು ತೊಲೆ ಒತ್ತು ಕೊಟ್ಟು ನಿಂತವು. ಪಾಯದ ಮೂಲೆಗೆ ಕಲ್ಲು ತುಂಬಿದರು. ಗೋಡೆ ಉಳಿಯಿತು.

ಮೂಲೆಗೆ ಹೊಸದಾಗಿ ಕಲ್ಲು ಕಟ್ಟಿ ಅದು ಬಿಗಿಯಾಗುವವರೆಗೆ, ಅಂದರೆ ಸುಮಾರು ಮೂರು ವಾರ, ಅವರ ಹಸುಗಳು ರಸ್ತೆಬದಿಯ ಬೇವಿನ ಮರದ ಕೆಳಗೆ. ಗಿರಿಜಕ್ಕ ನೀರನ್ನು ಅಲ್ಲಿಗೇ ಹೊತ್ತರು, ಹಾಲನ್ನೂ ಅಲ್ಲೇ ಕರೆದರು. ಎಷ್ಟು ದಿನ ಆಗುತ್ತೆ ಅಂತ ಒಂದು ಸಲವೂ ಕೇಳಲಿಲ್ಲ. ಕೇಳಿದ್ದು ಒಂದೇ, ನಿಮ್ಮಕ್ಕ ಯಾವಾಗ ಬರುತ್ತಾಳೆ ಅಂತ.

ಕೊನೆಗೆ ಹೊರಗಿನ ಗಾರೆ ಕೆಲಸ ಶುರುವಾಯಿತು. ಮಣ್ಣಿನ ಗೋಡೆಗೆ ಸಿಮೆಂಟ್ ಸರಿಹೋಗುವುದಿಲ್ಲ ಅಂತ ಮೇಸ್ತ್ರಿ ಸುಣ್ಣದ ಗಾರೆಯನ್ನೇ ಕಲಸಿದರು. ಗಿರಿಜಕ್ಕನ ಕಡೆಯ ಗೋಡೆ ಯಾರಿಗೂ ಕಾಣುವುದಿಲ್ಲ, ಬಿರುಕು ಮುಚ್ಚಿ ಹಾಗೇ ಬಿಡೋಣವಾ ಅಂತ ಕೇಳಿದರು.

ಎಷ್ಟೋ ವರ್ಷದಿಂದ ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಹಿತ್ತಿಲ ಬಾಗಿಲು ತೆರೆದಾಗೆಲ್ಲ ಗಿರಿಜಕ್ಕನಿಗೆ ಕಾಣುತ್ತಿದ್ದದ್ದು ನಮ್ಮ ಆ ಉದುರಿದ ಗೋಡೆಯೇ.

ಮೊದಲು ಆ ಕಡೆಯಿಂದಲೇ ಶುರು ಮಾಡಿಸಿದೆ. ಯಾವ ಬಣ್ಣ ಹೊಡೆಸಲಿ ಅಂತ ಅವರನ್ನೇ ಕೇಳಿದೆ.

"ಬಿಳಿ ಬ್ಯಾಡ. ನಮ್ ಹಸ ಬಾಲ ಬೀಸಿದ್ರೆ ಒಂದಿನಕ್ಕೇ ಕೆಡುತ್ತೆ. ಸೊಂಟದ ಮಟ ಕೆಮ್ಮಣ್ಣಿನ ಬಣ್ಣ ಹೊಡ್ಸು, ಮ್ಯಾಕೆ ನಿಂಗೆ ಬೇಕಾದ್ದು."

ಹಾಗೇ ಆಯಿತು. ಕೊಟ್ಟಿಗೆ ಗೋಡೆಗೆ ಅಂಟಿ ಮೊದಲಿದ್ದ ಜಾಗಕ್ಕೇ ಬರಲಿ ಅಂತ ನಾನೇ ಹೇಳಿದೆ. ಬೇಡ, ಗೋಡೆಗೆ ಗಾಳಿ ಆಡಲಿ ಅಂದರು.

ಹೋದ ವಾರ ಅಕ್ಕ ಬಂದಳು. ಸಾಮಾನು ಇಳಿಸುವ ಮುಂಚೆಯೇ ವೀಲ್‌ಚೇರ್ ತಿರುಗಿಸಿಕೊಂಡು ಒಬ್ಬಳೇ ಬಾತ್‌ರೂಮಿಗೆ ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿ ನಾನು ಹೊರಗೆ ನಿಂತು ಅತ್ತುಬಿಟ್ಟೆ. ಪಕ್ಕದಲ್ಲಿ ಚೊಂಬು ಹಾಲು ಹಿಡಿದು ಬಂದಿದ್ದ ಗಿರಿಜಕ್ಕನೂ ಕಣ್ಣೊರೆಸಿಕೊಂಡರು.

ಅವರಿಗೆ ಥ್ಯಾಂಕ್ಸ್ ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಅರ್ಜಿಗೆ ಕ್ಷಮಿಸಿ ಅನ್ನುವ ಒಂದು ಮಾತು ಮಾತ್ರ ಇನ್ನೂ ಬಾಯಿಗೆ ಬಂದಿಲ್ಲ… ನೀವಾಗಿದ್ದರೆ ಹೇಗೆ ಹೇಳುತ್ತಿದ್ದಿರಿ?