ಓದದೆ ಕೊಟ್ಟ ಧೈರ್ಯ

ಗಿರಿಜಕ್ಕನ ವಿಮಾ ಪಾಲಿಸಿಯನ್ನು ನಾನು ಓದಿರಲಿಲ್ಲ. ಓದಿದ್ದೇನೆ ಎಂದು ಹೇಳಿದ್ದೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಬೇರೆ — ಕಣ್ಣಾಡಿಸಿದ್ದೆ, ಒಂದು ಷರತ್ತು ಕಣ್ತಪ್ಪಿಹೋಯಿತು, ಅಷ್ಟೆ. ನೆನಪನ್ನು ಸುಲಭಕ್ಕೆ ನಂಬದವನು ನಾನು. ಅನುಕೂಲದ ನೆನಪನ್ನು ಮಾತ್ರ ಸಲೀಸಾಗಿ ನಂಬಿದೆ.

ಸಾಗರದ ಆ ಬಾಡಿಗೆ ಮನೆಯ ಮಹಡಿಯಲ್ಲಿ ನಾನಿದ್ದೆ, ಕೆಳಗೆ ಗಿರಿಜಕ್ಕ. ಯಕ್ಷಗಾನದ ವೇಷಭೂಷಣಗಳನ್ನು ಹವ್ಯಾಸಿ ತಂಡಗಳಿಗೆ ಬಾಡಿಗೆಗೆ ಕೊಡುವುದು ಅವರ ಬದುಕು. ಕಿರೀಟ, ಭುಜಕೀರ್ತಿಗಳಿಗೆ ಮನೆಯ ಒಂದೇ ಮಂಚ, ಅವರಿಗೆ ಚಾಪೆ. "ರಾಜ್ರು ಮಂಚದ್ಮೇಲೆ, ಪ್ರಜೆ ನೆಲದ್ಮೇಲೆ," ಎಂದು ನಗುತ್ತಿದ್ದರು.

ಪಕ್ಕದ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದ ಮೇಲೆ ಅವರು ನಾಲ್ಕು ಕಡೆ ವಿಚಾರಿಸಿದರು. ಮಾಲೀಕರ ವಿಮೆ ಕಟ್ಟಡಕ್ಕೆ ಮಾತ್ರ, ಬಾಡಿಗೆದಾರರ ಸಾಮಾನು ಅದರಲ್ಲಿ ಬರುವುದಿಲ್ಲ ಎಂದು ತಿಳಿಯಿತು. ನಮ್ಮ ಓಣಿಯಲ್ಲಿ ಬೇರೆ ಯಾರೂ ಅದನ್ನು ಯೋಚಿಸಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ತರ್ಕ ಓದಿ ಬಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನಾನೂ. ಅವರು ಮನೆ ಸಾಮಾನಿಗೆ ಪಾಲಿಸಿ ಮಾಡಿಸಿ, ಇಂಗ್ಲಿಷಿನಲ್ಲಿದೆ, ಒಮ್ಮೆ ನೋಡಿ ಎಂದು ಮೇಲೆ ತಂದುಕೊಟ್ಟರು. ವೇಷಗಳೂ ಸೇರುತ್ತವೆಯೇ — ಬೇಕಿದ್ದದ್ದು ಅದೊಂದೇ ಉತ್ತರ. ಸೇರದಿದ್ದರೆ ಬೇರೆ ಮಾಡಿಸಲು ಇನ್ನೂ ಸಮಯವಿತ್ತು.

ಅದು ನನ್ನ ಮೇಜಿನ ಮೇಲೆ ಮಡಿಸಿದ ಹಾಗೇ ಉಳಿಯಿತು. ವಿಮೆ ಎಂದರೆ ಹೆದರಿದವರ ಜೂಜು ಎಂಬ ಉಡಾಫೆ ನನಗೆ. ಕೇಳಲು ಬಂದಾಗ ಅವರ ಕೈಗಿಟ್ಟು ಹೇಳಿದೆ:

"ಓದಿದೆ ಗಿರಿಜಕ್ಕ. ಮನೆಯೊಳಗಿರೋದೆಲ್ಲ ಸೇರುತ್ತೆ."

ಅಥವಾ, ಸೇರಬಹುದು ಎಂದೆನೇ? ಎಷ್ಟೋ ಸಲ ಆ ಮಾತನ್ನು ಮೆದುಮಾಡಿ ನೋಡಿದ್ದೇನೆ. ಆದರೆ ಅವರ ಮುಖದಲ್ಲಿ ಮೂಡಿದ ನಿರಾಳ ನೆನಪಿದೆ — ಅನುಮಾನದ ಮಾತಿಗೆ ಯಾರಿಗೂ ಅಂಥ ನಿರಾಳವಾಗುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರ ಕೋಣೆಯ ವೈರಿಂಗ್ ಸುಟ್ಟು ಬೆಂಕಿ ಹತ್ತಿತು. ಜನಕ್ಕೆ ಏನೂ ಆಗಲಿಲ್ಲ. ಗೋಡೆ ಮಾಲೀಕರ ವಿಮೆಯಲ್ಲಿ ಸರಿಯಾಯಿತು. ಗಿರಿಜಕ್ಕನ ಪಾತ್ರೆ, ಫ್ಯಾನು, ಬೀರುವಿಗೆ ಪರಿಹಾರ ಬಂತು. ವೇಷಗಳಿಗೆ ಬರಲಿಲ್ಲ. ಬಾಡಿಗೆಗೆ ಕೊಡುವುದು ವ್ಯಾಪಾರದ ಸರಕು, ಅದಕ್ಕೆ ಪ್ರತ್ಯೇಕ ವಿಮೆ ಬೇಕು, ಪಾಲಿಸಿಯಲ್ಲೇ ಬರೆದಿದೆಯಲ್ಲ ಎಂದರು ವಿಮಾ ಕಂಪನಿಯಿಂದ ಪರಿಶೀಲನೆಗೆ ಬಂದವರು. ತಾನು ನೆಲದಲ್ಲಿ ಮಲಗಿ ಮಂಚದಲ್ಲಿ ಮಲಗಿಸಿದ್ದನ್ನು ಗಿರಿಜಕ್ಕ ಯಾವತ್ತೂ ಸರಕೆಂದು ಎಣಿಸಿದವರಲ್ಲ. ಸೇರುತ್ತದೆಂದು ನಿಮಗೆ ಹೇಳಿದ್ದು ಯಾರು ಎಂದು ಬಂದವರು ಕೇಳಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ.

"ಯಾರೂ ಇಲ್ಲ. ನಂಗೇ ಸಮ ಗೊತ್ತಾಗ್ಲಿಲ್ಲ," ಎಂದರು ಗಿರಿಜಕ್ಕ.

ನನ್ನ ಕಡೆ ನೋಡಲೂ ಇಲ್ಲ — ಅಥವಾ ನೋಡಿದಾಗ ನಾನು ಕಣ್ಣು ತಪ್ಪಿಸಿದೆನೋ. ಹೇಳಿದ್ದು ನಾನೇ ಎಂದು ಒಪ್ಪಿಕೊಳ್ಳಲಿಲ್ಲ, ಅದಂತೂ ಖಚಿತ.

ಸಮಾಧಾನ ಹೇಳಲು ಬಂದ ತಂಡದವರಿಗೆ ಅವರೇ ಸಮಾಧಾನ ಹೇಳಿದರು: "ಸುಟ್ಟಿದ್ದು ಕಿರೀಟ ಮಾರಾಯ್ರೇ, ತಲೆ ಅಲ್ಲ." ಹಗುರ ಮರ, ಬಣ್ಣದ ಬೇಗಡೆ ತಂದು ಕಿರೀಟ ಕಟ್ಟುವುದನ್ನು ಕಲಿತರು. ಮೊದಲನೆಯದು ಒಂದು ಪಕ್ಕಕ್ಕೆ ವಾಲಿತು. ಯುದ್ಧದಲ್ಲಿ ಸೋಲೋ ರಾಜಂಗೆ ಇದು ಇರ್ಲಿ ಎಂದು ಎತ್ತಿಟ್ಟರು. ಈಗ ಹೊಸನಗರದ ಕಡೆಯಿಂದಲೂ ಅವರ ವೇಷಗಳನ್ನೇ ಹುಡುಕಿಕೊಂಡು ಬರುತ್ತಾರೆ. ಎಲ್ಲವನ್ನೂ ಪ್ರಶ್ನಿಸುವುದೇ ದೊಡ್ಡತನ ಎಂದುಕೊಂಡಿದ್ದ ನನಗೆ, ಯಾರನ್ನೂ ದೂರದೆ ಮತ್ತೆ ಶುರುಮಾಡಿದ ಈ ಹೆಂಗಸನ್ನು ಅಳೆಯಲು ಇವತ್ತಿಗೂ ಅಳತೆ ಸಿಕ್ಕಿಲ್ಲ.

ಮೊನ್ನೆ ಗಿರಿಜಕ್ಕ ಬಂದಿದ್ದರು. ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ಸಾಮಾನಿಗೊಂದು, ವೇಷಗಳಿಗೊಂದು — ಎರಡು ಪಾಲಿಸಿ ಕೈಗಿಟ್ಟರು.

"ಒಂದ್ಸಲ ನೋಡಿ ಹೇಳಿ ಮೇಷ್ಟ್ರೇ. ನೀವು ಓದಿದ್ರೆ ನಂಗೆ ಧೈರ್ಯ."

ಪ್ರತಿ ಸಾಲನ್ನೂ ಓದಿದ್ದೇನೆ. ಮನೆಯಲ್ಲಿದ್ದಾಗ ಸರಿ; ಯಕ್ಷಗಾನದ ಆಟಕ್ಕೆಂದು ಹೊರಗೆ ಹೋದ ವೇಷಗಳಿಗೆ ರಕ್ಷಣೆ ಇಲ್ಲ, ಅದನ್ನು ಕೇಳಿ ಸೇರಿಸಿಕೊಳ್ಳಬೇಕು. ನಾಳೆ ತೀರ್ಥಹಳ್ಳಿಗೆ ಹೋಗಿ ಇದನ್ನು ಹೇಳುತ್ತೇನೆ. ಅದಕ್ಕೂ ಮೊದಲು, ಆವತ್ತು ಒಂದು ಸಾಲನ್ನೂ ಓದಿರಲಿಲ್ಲ ಎಂದು ಹೇಳಬೇಕು. ಆಮೇಲೂ ನನ್ನ ಓದಿನಿಂದ ಅವರಿಗೆ ಧೈರ್ಯ ಬರುವುದೋ ಇಲ್ಲವೋ — ಅದು ಅವರಿಗೆ ಬಿಟ್ಟದ್ದು.